ಅಕ್ಷರದ ಹೊಟ್ಟೆಯ ಸೀಳು



ಓದುವಾಗ ನಮ್ಮ ಮನಸ್ಸು ಅರ್ಥದ ಕಡೆಗೆ ಇರುತ್ತದೆಯೇ ಹೊರತು ಅಕ್ಷರದ ಆಕಾರದ ಕಡೆಗಲ್ಲ. ಅಚ್ಚಿನ ಮೊಳೆ ಚೆನ್ನಾಗಿದ್ದರೆ ಹಾಗೆಯೇ ಆಗಬೇಕು. ಅದು ಕೆಟ್ಟಾಗ ಏನಾಗುವುದೆಂಬುದನ್ನು ನಾನು ಬಾಲ್ಯದಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಕಂಡೆ.

ನನ್ನ ದೊಡ್ಡಪ್ಪ ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ಜಗುಲಿಯ ಮೇಲೆ ಕುಳಿತು, ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಗಟ್ಟಿಯಾಗಿ ಓದುವುದು ಅವರಿಗೆ ಹೆಮ್ಮೆ. ಒಂದು ದಿನ ಬೇಸಾಯಗಾರರಿಗೆ ಧನಸಹಾಯ ಸಿಗುವುದೆಂಬ ಕರಪತ್ರ ಬಂದಿತು. ಅವರು ಓದಿ, "ಲೋ ಮಗಾ, ದನ ಕೊಟ್ಟಾರಂತೆ ಕಣ್ಲಾ. ಹಸಾನೋ ಎಮ್ಮೇನೋ ಬರ್ದೇ ಇಲ್ವಲ್ಲ!" ಎಂದರು. ಜಗುಲಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅವರು ಗಟ್ಟಿಯಾಗಿ ಓದಲಿಲ್ಲ. ಕಾಗದ ಬಂದರೆ ಸುಮ್ಮನೆ ನನ್ನ ಕೈಗಿಡುತ್ತಿದ್ದರು.

ರೋಮನ್ ಅಕ್ಷರಗಳ ಗೆರೆಯ ತುದಿಯಲ್ಲಿ ಪುಟ್ಟ ಪಾದಗಳಂಥ ಚಾಚುಗಳಿರುತ್ತವೆ. ಅವಕ್ಕೆ ಸೆರಿಫ್ ಎಂದು ಹೆಸರು. ಅಂಥ ಅಕ್ಷರಗಳಲ್ಲಿ ಪ್ರಸಿದ್ಧವಾದ ಟೈಮ್ಸ್ ನ್ಯೂ ರೋಮನ್, ಸ್ಟ್ಯಾನ್ಲಿ ಮಾರಿಸನ್ ಅವರ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಅವರ ಕೈಯಲ್ಲಿ ರೂಪುಗೊಂಡು, 1932ರ ಅಕ್ಟೋಬರ್ 3ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಕಿರಿದಾದ ಅಂಕಣದಲ್ಲಿ ಹೆಚ್ಚು ಮಾತು ಹಿಡಿಸಬೇಕು, ಕಣ್ಣಿಗೂ ತೊಡಕಾಗಬಾರದು, ಇದು ಅದರ ಉದ್ದೇಶ. 1972ರಲ್ಲಿ ಆ ಪತ್ರಿಕೆಯೇ ಅದನ್ನು ಕೈಬಿಟ್ಟಿತು. ಪುಸ್ತಕಗಳೂ ಕಚೇರಿಗಳೂ ಬಿಡಲಿಲ್ಲ.

ಕನ್ನಡಕ್ಕೆ ಇಂಥ ಮಿತವ್ಯಯ ಸುಲಭವಲ್ಲ. ನಮ್ಮ ತಲೆಕಟ್ಟನ್ನು ಸೆರಿಫಿಗೆ ಹೋಲಿಸುವವರಿದ್ದಾರೆ; ನನಗೆ ಒಪ್ಪಿಗೆಯಿಲ್ಲ. 'ಕ' ಎಂಬುದು 'ಕಿ' ಆದಾಗ ತಲೆಕಟ್ಟು ಹೋಗಿ ಆ ಜಾಗದಲ್ಲಿ ಸ್ವರದ ಗುರುತು ಕೂರುತ್ತದೆ. ಅದು ಅಲಂಕಾರವಲ್ಲ, ಅರ್ಥ. ಸೀಸದ ಮೊಳೆಗಳ ಕಾಲದಲ್ಲಿ ಇಂಥ ರೂಪಗಳಿಗೆಲ್ಲ ಬೇರೆ ಬೇರೆ ಮೊಳೆ ಎರೆಯಬೇಕಾಗಿತ್ತು. ಇನ್ನು 'ರಾಷ್ಟ್ರ' ಎಂದು ಬರೆದರೆ ಎರಡು ಒತ್ತುಗಳು ಕೆಳಗಿಳಿಯುತ್ತವೆ; ಸಾಲುಗಳ ನಡುವೆ ಎಡೆ ಬೇಕೇ ಬೇಕು. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದಾಗಲೇ ಈ ತೊಡಕು ಎದುರಾಗಿರಬೇಕು. 1843ರ 'ಮಂಗಳೂರ ಸಮಾಚಾರ' ಮೊಳೆಗಳ ಗೊಡವೆಯೇ ಬೇಡವೆಂಬಂತೆ ಕಲ್ಲಚ್ಚಿನಲ್ಲಿ ಹೊರಬಂದಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದಾಗಲೆಲ್ಲ, ಮೊಳೆ ಜೋಡಿಸಿದ ಆ ಕೈಗಳಿಗೆ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ನಮ್ಮ ಮೇಷ್ಟ್ರು ಮಹಾಪ್ರಾಣದ ಗುರುತನ್ನು 'ಹೊಟ್ಟೆ ಸೀಳು' ಎನ್ನುತ್ತಿದ್ದರು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸದು. ದನಕ್ಕೂ ಧನಕ್ಕೂ ಇರುವ ಭೇದವನ್ನು ತೋರುವುದು ಆ ಸೀಳೊಂದೇ. ಮೊಳೆ ಸವೆದರೆ, ಮಸಿ ಹೆಚ್ಚಾದರೆ, ಮೊದಲು ಮುಚ್ಚಿಹೋಗುವುದೂ ಅದೇ. ಈಗ ಸೀಸದ ಮೊಳೆಗಳಿಲ್ಲ. ಆದರೂ ಮೊಬೈಲ್ ಫೋನಿನ ಸಣ್ಣಕ್ಷರದಲ್ಲಿ ಆ ಸೀಳನ್ನು ಹುಡುಕುತ್ತ ನಾನು ಕನ್ನಡಕ ಒರೆಸಿಕೊಳ್ಳುವುದುಂಟು.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಕರಪತ್ರ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ. ಧಕಾರದ ಸೀಳು ಮಸಿ ತುಂಬಿ ಮುಚ್ಚಿಹೋಗಿತ್ತು. ಉಳಿದವರೆಲ್ಲ ಊಹಿಸಿ ಓದಿದ್ದೆವು. ಅವರೊಬ್ಬರು ಮಾತ್ರ ಅಲ್ಲಿ ಅಚ್ಚಾಗಿದ್ದುದನ್ನು ಓದಿದ್ದರು.