ಗರಡಿಯ ಗುಂಡು ಕಲಿಸುವ ಪಾಠ



ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಬಂದು ಕುಳಿತ ಹಿರಿಯರಿಗೆ ಮೊದಲು ಒಂದು ಮಾತು ಕೇಳುತ್ತೇವೆ. ನಿಮ್ಮೂರ ಹನುಮಪ್ಪನ ಗುಡಿಯ ಮುಂದೆ, ಇಲ್ಲವೆ ಅಗಸಿಯ ಹತ್ತಿರ ಒಂದು ಗುಂಡುಕಲ್ಲು ಬಿದ್ದಿರುತ್ತಿತ್ತಲ್ಲ, ಅದು ಈಗ ಎಲ್ಲಿದೆ? ಕೆಲವು ಊರುಗಳಲ್ಲಿ ಇನ್ನೂ ಇದೆ. ಅದರ ಮೇಲೆ ಕುಳಿತು ಹುಡುಗರು ಮೊಬೈಲ್ ನೋಡುತ್ತಾರೆ. ಒಂದು ಕಾಲಕ್ಕೆ ಆ ಗುಂಡನ್ನು ಮೊಣಕಾಲಿಗೆ, ಎದೆಗೆ, ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆದವನೇ ಊರಿನ ಹುರಿಯಾಳು. ಜಾತ್ರೆ ಹಬ್ಬಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಉಸುಕಿನ ಚೀಲ ಎತ್ತುವುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ನಡೆದಿದೆ. ಇವತ್ತು ಆ ಭಾರದ ವಿಷಯವನ್ನೇ ಮಾತನಾಡಬೇಕೆಂದಿದ್ದೇವೆ. ಸ್ವಾಮಿಗಳು ಕಲ್ಲೆತ್ತುವ ಮಾತಿಗೆ ಬಂದರಲ್ಲ ಎಂದು ನಗಬೇಡಿರಿ. ಕಟ್ಟಿಗೆಯ ಹೊರೆ ಹೊತ್ತು ಕಾಯಕ ನಡೆಸಿದ ಮೋಳಿಗೆಯ ಮಾರಯ್ಯನವರೂ ನಮ್ಮವರೇ.

ಭಾರ ಎತ್ತಿದರೆ ತೋಳು ದಪ್ಪವಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದು. ಎತ್ತಿದವನ ಮನಸ್ಸಿಗೆ ಏನಾಗುತ್ತದೆ? ಅದನ್ನು ಕೇಳುವವರು ಕಡಿಮೆ.

ಬೆಟಗೇರಿಯ ನೇಕಾರರ ಮನೆಯ ಒಬ್ಬ ಹುಡುಗನನ್ನು ಅವನ ತಾಯಿ ನಮ್ಮಲ್ಲಿಗೆ ಕರೆತಂದಿದ್ದಳು. ಹತ್ತನೆಯ ಇಯತ್ತೆ ನಪಾಸು. ಮೂರು ತಿಂಗಳಿಂದ ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ಹೆಸರು ಕೇಳಿದರೆ ನೆಲ ನೋಡಿದ, ತಾಯಿಯೇ ಹೇಳಿದಳು. ಅವನನ್ನು ಹೊರಗೆ ಕಳಿಸಿ, "ಅಜ್ಜಾರ, ರಾತ್ರಿ ನಿದ್ದಿ ಬರವಲ್ದು ನನಗ. ಇಂವ ಜೀವಕ್ಕ ಏನರ ಮಾಡಿಕೊಂಡಾನು ಅಂತ ಅಂಜಿಕಿ" ಎಂದು ಅತ್ತಳು. ವೈದ್ಯರಿಗೆ ತೋರಿಸಲು ಹೇಳಿದೆವು. ಜೊತೆಗೆ ಗರಡಿಗೂ ಕಳಿಸಿದೆವು, ಉಪದೇಶ ಮಾಡಲಿಲ್ಲ. ಅಷ್ಟೊತ್ತಿಗೆ ಊರ ತುಂಬ ಜನ ಅವನಿಗೆ ಉಪದೇಶ ಮಾಡಿ ಮುಗಿಸಿದ್ದರು.

ಉಸ್ತಾದರು ಒಂದು ತಿಂಗಳು ಕಲ್ಲು ಮುಟ್ಟಗೊಡಲಿಲ್ಲ. ಕಸ ಹೊಡೆ, ಕೆಮ್ಮಣ್ಣು ಹದ ಮಾಡು, ಬೈಠಕ್ ತೆಗೆ. ಆಮೇಲೆ ಹತ್ತು ಕಿಲೋದ ಕಲ್ಲು. ಹದಿನೈದು ದಿನ ಬಿಟ್ಟು ಹನ್ನೆರಡು. ವರ್ಷದ ಮೇಲೆ ಅವನು ಒಬ್ಬನೇ ನಮ್ಮ ಮುಂದೆ ಬಂದು ನಿಂತ. ಕೇಳದೆಯೇ ತನ್ನ ಹೆಸರು ಹೇಳಿದ. "ಗಣಿತ ಮತ್ತ ಹೋತ್ರಿ ಅಜ್ಜಾರ, ಮೂರನೇ ಸಲ ಕಟ್ಟೀನಿ" ಎಂದ. ನಪಾಸಾದದ್ದನ್ನು ಮಳೆ ಬಂತು ಎಂಬಂತೆ ಹೇಳಿದನಲ್ಲ, ನಮಗೆ ಅದೇ ದೊಡ್ಡದಾಗಿ ಕಂಡಿತು.

ಇದು ಹೇಗಾಯಿತು? ಕಲ್ಲಿಗೆ ಮುಖಸ್ತುತಿ ಗೊತ್ತಿಲ್ಲ, ನಿಂದೆಯೂ ಗೊತ್ತಿಲ್ಲ. ಜನ ಇವತ್ತು ಜಾಣ ಎನ್ನುತ್ತಾರೆ, ನಾಳೆ ದಡ್ಡ ಎನ್ನುತ್ತಾರೆ. ಹತ್ತು ಕಿಲೋ ಮಾತ್ರ ಇವತ್ತಿಗೂ ಹತ್ತು, ನಾಳೆಗೂ ಹತ್ತು. ನಿನ್ನೆ ಏಳದ್ದು ಇವತ್ತು ಎದ್ದಿತೆಂದರೆ ಬದಲಾದವನು ಎತ್ತಿದವನೇ. ಹೀಗೆ ಬಂದ ಧೈರ್ಯ ಯಾರೋ ಹೊಗಳಿ ಕೊಟ್ಟ ಸಾಲವಲ್ಲ. ಆದ್ದರಿಂದ ಯಾರೂ ತಿರುಗಿ ಕೇಳಲಾರರು. ಶರೀರಶಾಸ್ತ್ರ ಬಲ್ಲವರು ಇನ್ನೊಂದು ಸಂಗತಿ ಹೇಳುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳು ಕಲಿಯುವುದರಿಂದ. ಇದ್ದ ಸ್ನಾಯುವನ್ನೇ ಅವು ಚೆನ್ನಾಗಿ ಕೆಲಸಕ್ಕೆ ಕರೆಯುತ್ತವೆ. ತೋಳು ದಪ್ಪವಾಗುವುದು ಆಮೇಲಿನ ಮಾತು. 2018ರಲ್ಲಿ ವಿದ್ವಾಂಸರು 33 ಪ್ರಯೋಗಗಳನ್ನು, 1877 ಜನರ ವಿವರವನ್ನು ಒಟ್ಟುಗೂಡಿಸಿ ನೋಡಿದರು. ಭಾರದ ವ್ಯಾಯಾಮ ಮಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ವಿಶೇಷವೆಂದರೆ, ಬಲ ಹೇಳಿಕೊಳ್ಳುವಷ್ಟು ಹೆಚ್ಚದಿದ್ದವರಲ್ಲಿಯೂ ಈ ಗುಣ ಕಂಡಿತು. ಎಷ್ಟು ಎತ್ತಿದೆ ಎಂಬುದಕ್ಕಿಂತ ದಿನಕ್ಕೆ ಸರಿಯಾಗಿ ಹೋಗಿ ಎತ್ತಿದೆಯಾ ಎಂಬುದೇ ಮುಖ್ಯವೆಂದು ನಾವು ಇದನ್ನು ತಿಳಿಯುತ್ತೇವೆ.

ನಮ್ಮ ಕನ್ನಡ ನಾಡಿನವರೇ ಆದ, ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರ ಸಂಗತಿ ಕೇಳಿರಿ. ತಂದೆ ವಾಹನ ಚಾಲಕರು. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು. ಭಾರವನ್ನು ಹೆಗಲಿಗೆ ತಂದು ಮೇಲೆತ್ತುವ ಎರಡನೆಯ ಸುತ್ತಿನಲ್ಲಿ ಮೂರೇ ಅವಕಾಶ. ಮೊದಲನೆಯದು ತಪ್ಪಿತು, ಎರಡನೆಯದೂ ತಪ್ಪಿತು. ಮೂರನೆಯದೂ ತಪ್ಪಿದ್ದರೆ ಬರಿಗೈಯಲ್ಲಿ ಮನೆಗೆ. ಅವರು 138 ಕಿಲೋ ಎತ್ತಿ ನಿಂತರು. ಒಟ್ಟು 249 ಕಿಲೋ, ಬೆಳ್ಳಿಯ ಪದಕ. ಮಣಿಪುರದ ಮೀರಾಬಾಯಿ ಚಾನು ಎಂಬ ಹೆಣ್ಣುಮಗಳು ಚಿಕ್ಕಂದಿನಲ್ಲಿ ಮನೆಗೆ ಕಟ್ಟಿಗೆಯ ಹೊರೆ ಹೊತ್ತವಳು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅದೇ ಸುತ್ತಿನ ಮೂರೂ ಅವಕಾಶ ಅವಳ ಕೈತಪ್ಪಿದವು, ಲೆಕ್ಕಕ್ಕೇ ಬರಲಿಲ್ಲ. ಮರುವರ್ಷ ವಿಶ್ವ ಚಾಂಪಿಯನ್ ಆದಳು. 2021ರಲ್ಲಿ ಟೋಕಿಯೋದಲ್ಲಿ 202 ಕಿಲೋ ಎತ್ತಿ ಬೆಳ್ಳಿ ತಂದಳು. ಸೋಲು ಅವಳಿಗೆ ಹೊಸದಲ್ಲ; ಭಾರ ಎತ್ತುವವರು ಅದನ್ನು ಗರಡಿಯಲ್ಲಿ ದಿನಾಲು ಕಾಣುತ್ತಾರೆ.

ಹಾಗಾದರೆ ಗಂಜಿನಲ್ಲಿ ಚೀಲ ಹೊರುವ ಹಮಾಲರಿಗೆ ಎಲ್ಲರಿಗಿಂತ ಹೆಚ್ಚು ಆತ್ಮವಿಶ್ವಾಸ ಬರಬೇಕಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗರಡಿಯವನು ತಾನೇ ಆರಿಸಿಕೊಂಡ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ನಡುವೆ ವಿಶ್ರಾಂತಿ ಕೊಟ್ಟು ಎತ್ತುತ್ತಾನೆ. ಹಮಾಲನ ಭಾರವನ್ನು ಬೇರೆಯವರು ನಿರ್ಧರಿಸುತ್ತಾರೆ. ನಡ ನೋಯುತ್ತದೆಂದು ಅವನು ಕೂಡುವಂತಿಲ್ಲ. ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿತು. ಕ್ವಿಂಟಲ್ ಚೀಲ ಹೊತ್ತು ಬೆನ್ನು ಬಾಗಿದವರು ಈ ಸಭೆಯಲ್ಲೇ ಇದ್ದಾರೆ. ಕೂಲಿ ಹಿಡಿಯುವ ಶೆಟ್ಟರೂ ಇಲ್ಲಿ ಕುಳಿತಿದ್ದಾರೆ. ಅವರಿಗೂ ಈ ಮಾತು ಕೇಳಿಸಲಿ.

ಬಲ ಬಂದ ಮಾತ್ರಕ್ಕೆ ಗುಣ ಬಂತೆಂದು ನಾವು ಹೇಳುವುದಿಲ್ಲ. ಊರಿನಲ್ಲಿ ಗುಂಡೆತ್ತಿ, ಮನೆಗೆ ಹೋಗಿ ಹೆಂಡತಿಯ ಮೇಲೆ ಕೈಯೆತ್ತಿದ ಪೈಲವಾನರನ್ನು ನೀವೂ ನೋಡಿದ್ದೀರಿ. ಹಳೆಯ ಗರಡಿಯವರಿಗೆ ಇದು ಗೊತ್ತಿತ್ತು. ಅದಕ್ಕೇ ಒಳಗೆ ಬಂದವನು ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಶ್ರೀಮಂತನ ಮಗನೂ ಮಣ್ಣು ಹದ ಮಾಡಬೇಕು. ದೊಡ್ಡವನು ಚಿಕ್ಕವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಗರಡಿಯಲ್ಲಿ ಕನ್ನಡಿ ಇರಲಿಲ್ಲ. ಈಗಿನ ಜಿಮ್ಮಿನಲ್ಲಿ ನಾಲ್ಕೂ ಗೋಡೆಗೆ ಕನ್ನಡಿ! ನಾವು ಜಿಮ್ಮಿಗೆ ವಿರೋಧಿಗಳಲ್ಲ, ಭಾರ ಎಲ್ಲಿದ್ದರೂ ಭಾರವೇ. ಆದರೆ ಎರಡು ತಿಂಗಳಲ್ಲಿ ತೋಳು ಉಬ್ಬಬೇಕೆಂದು ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವ ತರುಣರಿದ್ದಾರಲ್ಲ, ಅವರ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಗೆದ್ದದ್ದು ತಾನೋ ಸೂಜಿಯೋ ಎಂಬ ಸಂಶಯವೂ ಉಳಿಯುತ್ತದೆ. ಭಾರ ಕೊಡಬೇಕಾಗಿದ್ದ ಧೈರ್ಯವನ್ನೇ ಅವರು ಮಾರಿಕೊಂಡಂತೆ.

ವಯಸ್ಸಾದವರು ಇದು ತಮಗಲ್ಲವೆಂದು ಏಳಬೇಡಿರಿ. ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ವರದಿ 1990ರಲ್ಲಿ ಬಂತು. ಒಂಬತ್ತು ಜನ ಪೂರೈಸಿದರು. ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಿತ್ತು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರಕ್ತದೊತ್ತಡ, ಎದೆನೋವು ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಮಠದ ಹಿಂದಿನ ಗರಡಿಯ ಬೀಗವನ್ನು ಮುಂಜಾನೆ ಐದಕ್ಕೆ ತೆಗೆಸುತ್ತೇವೆ. ಸಂಜೆ ನಾಲ್ಕರಿಂದ ಆರರವರೆಗೆ ಹೆಣ್ಣುಮಕ್ಕಳಿಗೆ. ಆಗ ಗಂಡಸರು ಅತ್ತ ಸುಳಿಯಬಾರದು. ಹತ್ತು ಕಿಲೋದ ಕಲ್ಲು ಮೂರು ಇವೆ, ಇನ್ನೆರಡನ್ನು ಕೆತ್ತಿಸಲು ಹೇಳಿದ್ದೇವೆ. ಹೊಸಬರಿಗೆ ಬೈಠಕ್ ಹೇಳಿಕೊಡಲು ಆ ಬೆಟಗೇರಿಯ ಹುಡುಗನೇ ಬರುತ್ತಾನೆ.