ಊರಿನ ಆಯವ್ಯಯದಲ್ಲಿ ದುಡಿಯುವವರ ಪಾಲೆಷ್ಟು?

(ಬಳ್ಳಾರಿಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವರ್ಷಕ್ಕೊಮ್ಮೆ ನಮ್ಮ ಮಹಾನಗರ ಪಾಲಿಕೆಯಲ್ಲಿ ಊರಿನ ಆಯವ್ಯಯ ಪತ್ರ ಮಂಡನೆಯಾಗುತ್ತದೆ. ಮರುದಿನ ಪತ್ರಿಕೆಯಲ್ಲಿ ಇಷ್ಟು ಕೋಟಿ ವರಮಾನ, ಇಷ್ಟು ಕೋಟಿ ವೆಚ್ಚ, ಇಷ್ಟು ಲಕ್ಷ ಉಳಿತಾಯ ಎಂದು ಅಚ್ಚಾಗುತ್ತದೆ. ಓದಿದವರು ಪತ್ರಿಕೆ ಮಡಿಸಿಟ್ಟು ಕೆಲಸಕ್ಕೆ ಹೋಗುತ್ತಾರೆ. ಸಿರುಗುಪ್ಪದ ನಗರಸಭೆಯಲ್ಲೂ ಕುರುಗೋಡಿನ ಪುರಸಭೆಯಲ್ಲೂ ಇದೇ ಶಾಸ್ತ್ರ. ಈ ಕೋಟಿಗಳ ಲೆಕ್ಕಕ್ಕೂ ನಮ್ಮ ದಿನಗೂಲಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಅದನ್ನು ಬಿಡಿಸಿ ಹೇಳಲೆಂದೇ ನಾನು ಇಲ್ಲಿ ನಿಂತಿದ್ದೇನೆ.

ಮೊದಲು ಜೀನ್ಸಿನ ಮಾತು. ಬಳ್ಳಾರಿಯ ಜೀನ್ಸಿಗೆ ದೂರದ ಪೇಟೆಗಳಲ್ಲೂ ಹೆಸರಿದೆ. ಅದು ಒಂದೇ ಸೂರಿನಡಿ ಹುಟ್ಟುವ ಸರಕಲ್ಲ. ಒಬ್ಬರು ಬಟ್ಟೆ ಕತ್ತರಿಸುತ್ತಾರೆ. ಇನ್ನೊಬ್ಬರು ಮನೆಯ ಪಡಸಾಲೆಯಲ್ಲೇ ಹೊಲಿಯುತ್ತಾರೆ. ಮತ್ತೊಬ್ಬರು ತೊಳೆದು ಬಣ್ಣ ಇಳಿಸುತ್ತಾರೆ. ಹೆಂಗಸರು ದಾರ ತೆಗೆದು ಗುಂಡಿ ಹಾಕುತ್ತಾರೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಎಲ್ಲರ ಕೈಯೂ ಬರಿದು. 2024ರಲ್ಲಿ ಆದದ್ದು ಅದೇ. ಬಣ್ಣದ ನೀರನ್ನು ಶುದ್ಧಗೊಳಿಸದೆ ಹೊರಬಿಡುತ್ತಾರೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ತೊಳೆಯುವ ಘಟಕಗಳ ಬಾಗಿಲು ಮುಚ್ಚಿಸಲು ಆಜ್ಞೆ ಮಾಡಿದರು. ಆ ನೀರು ಕೆಟ್ಟದ್ದೆಂಬುದು ಸುಳ್ಳಲ್ಲ. ಅದು ಹರಿಯುವುದು ಬಡವರ ಮನೆಯ ಮುಂದೆಯೇ. ಆದರೆ ಬಾಗಿಲು ಮುಚ್ಚಿದಾಗ ಒಲೆ ಆರಿದ್ದೂ ಅದೇ ಬಡವರ ಮನೆಯಲ್ಲಿ.

ಇಲ್ಲಿ ಸ್ವಲ್ಪ ಯೋಚಿಸಿ. ಆಯವ್ಯಯ ಪತ್ರದಲ್ಲಿ ಚರಂಡಿ ಒಂದು ತಲೆಬರಹದ ಕೆಳಗೆ, ಉದ್ಯೋಗ ಇನ್ನೊಂದರ ಕೆಳಗೆ ಬರುತ್ತವೆ. ಒಂದು ಜನಕಲ್ಯಾಣವಂತೆ, ಇನ್ನೊಂದು ಆರ್ಥಿಕ ಅಭಿವೃದ್ಧಿಯಂತೆ! ದುಡಿಯುವವರ ಬಾಳಿನಲ್ಲಿ ಈ ಗೋಡೆ ಇಲ್ಲ. ಬಣ್ಣದ ನೀರನ್ನು ಶುದ್ಧ ಮಾಡುವ ಒಂದು ಸಾಮೂಹಿಕ ಘಟಕ ನಿಂತರೆ ಅದೇ ಚರಂಡಿಯ ಕೆಲಸ, ಅದೇ ಕೂಲಿಯ ಕೆಲಸ. ಬೀದಿ ನಲ್ಲಿಗಾಗಿ ತಾಯಿಯೊಬ್ಬಳು ಅರ್ಧ ದಿನ ಕಾದರೆ ಆಕೆಗೆ ಅರ್ಧ ದಿನದ ಕೂಲಿ ನಷ್ಟ. ಪೇಟೆಯಲ್ಲಿ ಶೌಚಾಲಯವಿಲ್ಲದಿದ್ದರೆ ಹೂ ಮಾರುವ ಹೆಂಗಸು ಅಂಗಡಿ ಬಿಟ್ಟು ಮನೆಗೆ ಹೋಗಬೇಕು. ದೊಡ್ಡವರ ಆರ್ಥಿಕ ಅಭಿವೃದ್ಧಿ ತೋರಣಗಲ್ಲಿನ ಉಕ್ಕಿನ ಕುಲುಮೆಯಲ್ಲಿರಬಹುದು. ನಮ್ಮದು ನಲ್ಲಿಯಲ್ಲಿ, ಚರಂಡಿಯಲ್ಲಿ, ಸಂತೆಯ ನೆರಳಿನಲ್ಲಿದೆ.

ಹಾಗಾದರೆ ಇದಕ್ಕೆ ದುಡ್ಡೆಲ್ಲಿ ಎನ್ನುತ್ತಾರೆ. ಊರಿನ ದುಡ್ಡಿನಲ್ಲಿ ಎರಡು ಬಗೆ. ಒಂದು ಮೇಲಿನಿಂದ ಬರುವುದು. ಲಕೋಟೆಯ ಮೇಲೆ ಹೆಸರು ಬರೆದೇ ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಹಾಕಿದ ಲೆಕ್ಕ ನೋಡಿ: ನೂರು ರೂಪಾಯಿಯಲ್ಲಿ 60 ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಟ್ಟದ್ದು, ಉಳಿದ 40 ಮಾತ್ರ ಊರಿನ ಅಗತ್ಯ ನೋಡಿ ಬಳಸುವಂಥದ್ದು. ಎರಡನೆಯದು ಊರೇ ಎತ್ತುವ ದುಡ್ಡು: ಆಸ್ತಿ ತೆರಿಗೆ, ನೀರಿನ ಕರ, ಪರವಾನಗಿ ಶುಲ್ಕ, ಮಳಿಗೆಯ ಬಾಡಿಗೆ. ಹಿಂದೆ ಸುಂಕದ ಕಟ್ಟೆಯ ಆಕ್ಟ್ರಾಯ್ ಕೂಡ ಇತ್ತು. 1979ರಲ್ಲಿ ಅದು ರದ್ದಾಯಿತು. ವ್ಯಾಪಾರಿಗೆ ಒಂದು ಕಾಟ ತಪ್ಪಿತು, ಆದರೆ ಊರಿನ ಕೈ ರಾಜ್ಯದ ಮುಂದೆ ಚಾಚಿದ ಕೈಯಾಯಿತು.

ಈ ಸ್ವಂತ ದುಡ್ಡು ಕೊಡುವವರು ಯಾರು? ಬಾಡಿಗೆ ಮನೆಯ ಕಾರ್ಮಿಕ ಮಾಲೀಕನ ತೆರಿಗೆಯನ್ನೂ ಬಾಡಿಗೆಯೊಳಗೇ ಸೇರಿಸಿ ಕೊಡುತ್ತಾನೆ. ಮೂರು ಗಜದ ಅಂಗಡಿಯವನು ಪರವಾನಗಿಗೆ ಹಣ ಕಟ್ಟುತ್ತಾನೆ. ತೆರಿಗೆ ಕಟ್ಟಬೇಡಿ ಎಂದು ಹೇಳಲು ನಾನು ಬಂದಿಲ್ಲ. ಕಟ್ಟಿ, ಆಮೇಲೆ ಲೆಕ್ಕ ಕೇಳಿ. ಕಾನೂನು ತಮ್ಮ ಪರವಾಗಿದೆ. ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ತೆಗೆದಿಟ್ಟದ್ದೆಷ್ಟು, ಅದರಲ್ಲಿ ಮಾರ್ಚ್ 31ರೊಳಗೆ ಖರ್ಚಾದದ್ದೆಷ್ಟು? ಈ ಎರಡು ಅಂಕಿಗಳನ್ನು ಪ್ರತಿ ವಾರ್ಡಿನಲ್ಲೂ ಹಲಗೆಯ ಮೇಲೆ ಬರೆಸಬೇಕು.

ಇನ್ನೊಂದು ದೊಡ್ಡ ಚೀಲವೂ ಇದೆ. ಸಂಡೂರಿನ ಅದಿರು ನಮ್ಮ ಜಿಲ್ಲೆಯ ಸಂಪತ್ತು. 2015ರ ಕಾನೂನಿನಂತೆ ಗಣಿಯವರು ರಾಜಧನದ ಮೇಲೆ ಇನ್ನಷ್ಟು ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು: ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ. 30, ಹರಾಜಿನಲ್ಲಿ ಪಡೆದವಕ್ಕೆ ಶೇ. 10. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ್ಯ ಇವೇ ಅದರ ಮೊದಲ ಬಾಬುಗಳು. ಅದಿರಿನ ಲಾರಿಯ ಧೂಳು ಕುಡಿದವರಿಗೆ ಆ ಹಣದ ಮಾತಿನಲ್ಲಿ ಬಾಯಿ ಬೇಡವೇ?

ಈಗ ಸಿರುಗುಪ್ಪಕ್ಕೆ ಬನ್ನಿ. ಅದು ಭತ್ತದ ಊರು. ಅಕ್ಕಿ ಗಿರಣಿ ತಿರುಗಿದರೆ ಊರು ತಿರುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ರೈತನಷ್ಟೇ ಹಮಾಲಿಯೂ ನಿದ್ದೆಗೆಟ್ಟ. ಕಾಲುವೆಗೆ ನೀರಿಲ್ಲವೆಂದರೆ ಭತ್ತವಿಲ್ಲ, ಭತ್ತವಿಲ್ಲವೆಂದರೆ ಮೂಟೆ ಹೊರುವ ಕೆಲಸವಿಲ್ಲ. ಆ ಊರಿನ ಯೋಜನೆಯಲ್ಲಿ ಹಮಾಲಿಗಳ ತಂಗುದಾಣ, ಗಿರಣಿಯ ಧೂಳು ಬೂದಿಗಳ ವಿಲೇವಾರಿ, ಕೆಲಸವಿಲ್ಲದ ತಿಂಗಳಿಗೊಂದು ದಾರಿ ಇರಲೇಬೇಕು. ಕುರುಗೋಡು 2018ರಿಂದ ತಾಲ್ಲೂಕು ಕೇಂದ್ರವಾಗಿದೆ. ಕಚೇರಿಗಳು ಬಂದರೆ ಜನ ಬರುತ್ತಾರೆ, ವ್ಯಾಪಾರ ಬೆಳೆಯುತ್ತದೆ, ರಸ್ತೆಬದಿಯ ಜಾಗದ ಬೆಲೆ ಏರುತ್ತದೆ. ಆಗ ಮೊದಲು ಏಳಿಸುವುದು ತಳ್ಳುಗಾಡಿಯವನನ್ನು. ಆದ್ದರಿಂದ ಜಾಗ ಗುರುತಿಸುವ ಕೆಲಸ ಇಂದೇ ಆಗಬೇಕು.

2014ರ ಬೀದಿ ವ್ಯಾಪಾರಿಗಳ ಕಾನೂನು ಹೇಳುವುದು ಇಷ್ಟು: ಸಮೀಕ್ಷೆ ಮುಗಿಯುವತನಕ ಯಾರನ್ನೂ ಎಬ್ಬಿಸಕೂಡದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಇದು ದಯೆಯಲ್ಲ, ಹಕ್ಕು.

ಮಿತ್ರರೇ, ಊರು ತನ್ನ ಹಣವನ್ನು ತಾನೇ ಆಳಬೇಕೆಂಬುದು ಸಮಾಜವಾದಿಗಳ ಹಳೆಯ ಮಾತು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯ ಬೇಕೆಂದು ಡಾ. ರಾಮಮನೋಹರ ಲೋಹಿಯಾ ವಾದಿಸಿದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಆ ದಾರಿಯಲ್ಲಿ ಕೆಲವು ಹೆಜ್ಜೆ ಇಟ್ಟಿತು. 3 ಲಕ್ಷ ಮೀರಿದ ಜನಸಂಖ್ಯೆಯ ಊರಿಗೆ ವಾರ್ಡು ಸಮಿತಿ ಬೇಕೆಂದಿತು. 2011ರ ಜನಗಣತಿಯಲ್ಲೇ ಬಳ್ಳಾರಿ 4 ಲಕ್ಷ ದಾಟಿದೆ. ಸಿರುಗುಪ್ಪ, ಕುರುಗೋಡುಗಳಿಗೆ ಈ ಬಾಗಿಲು ತೆರೆದಿಲ್ಲ. ಅಲ್ಲಿ ನಾವೇ ವಾರ್ಡು ಸಭೆ ಕರೆಯಬೇಕು. ಊರು ಹಳ್ಳಿಗಳ ಯೋಜನೆಗಳನ್ನು ಜೋಡಿಸಲು ಜಿಲ್ಲಾ ಯೋಜನಾ ಸಮಿತಿ ಬೇಕೆಂದೂ, ಅದರ ಐದರಲ್ಲಿ ನಾಲ್ಕು ಪಾಲು ಚುನಾಯಿತರಿರಬೇಕೆಂದೂ ಸಂವಿಧಾನದಲ್ಲಿದೆ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿಗಳಿಗೆ 2024 ಕಳೆದರೂ ಚುನಾವಣೆ ಆಗಲಿಲ್ಲ. ಕಂಬವೇ ನೆಡದಿದ್ದರೆ ಮನೆ ಹೇಗೆ ನಿಂತೀತು?

ನಮ್ಮ ಬೇಡಿಕೆಗಳು ನಾಲ್ಕು. ಒಂದು, ಹೊಸ ಆಯವ್ಯಯಕ್ಕೆ ಮುಂಚೆ ಹಳೆಯ ವರ್ಷದ ಲೆಕ್ಕ ವಾರ್ಡುವಾರು ಜನರ ಮುಂದೆ ಬರಲಿ. ಎರಡು, ಜೀನ್ಸ್ ತೊಳೆಯುವವರಿಗೆ ಸಾಮೂಹಿಕ ಶುದ್ಧೀಕರಣ ಘಟಕದ ಸೌಲಭ್ಯ ಸಿಗಲಿ. ಖನಿಜ ನಿಧಿಯಿಂದ ಅದಕ್ಕೆ ನೆರವು ಕೇಳೋಣ. ಮೂರು, ಮೂರೂ ಊರುಗಳಲ್ಲಿ ವ್ಯಾಪಾರ ಸಮಿತಿ ಸಭೆ ಸೇರಲಿ; ಸಂತೆಗೆ ನೆರಳು, ನೀರು, ಶೌಚಾಲಯ ಬರಲಿ. ನಾಲ್ಕು, ಆಯವ್ಯಯ ಪೂರ್ವ ಸಭೆ ದುಡಿಯುವವರು ಬರಬಹುದಾದ ಹೊತ್ತಿನಲ್ಲಿ, ಸಂಜೆ, ನಡೆಯಲಿ. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಗುತ್ತಿಗೆದಾರ ಬರುತ್ತಾನೆ, ಕೂಲಿಯವನು ಬರಲಾರ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದಾಳಿಗೆ ಗುರಿಯಾಗಿ ಪ್ರಾಣ ತೆತ್ತರು. ತಾನು ಯಾವ ರಾಜ್ಯಕ್ಕೆ ಸೇರಬೇಕೆಂದು ಗಟ್ಟಿಯಾಗಿ ಹೇಳಿದ ಊರು ಇದು. ತನ್ನ ನಲ್ಲಿ, ತನ್ನ ಚರಂಡಿ, ತನ್ನ ಸಂತೆ ಹೇಗಿರಬೇಕೆಂದು ಹೇಳಲು ಅದಕ್ಕೆ ಅಂಜಿಕೆ ಏಕೆ? ಮುಂದಿನ ಆಯವ್ಯಯ ಸಭೆಗೆ ವಾರ್ಡಿಗೆ ಹತ್ತು ಮಂದಿಯಂತೆ ಬನ್ನಿ. 39 ವಾರ್ಡಿನಿಂದ 390 ಮಂದಿ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರೂ ಸಾಕು, ಮುಂದಿನ ಬೆಂಚಿನವರು ಲೆಕ್ಕವನ್ನು ಎಚ್ಚರದಿಂದ ಓದುತ್ತಾರೆ.