ಬೆಕ್ಕಿಗೆ ಹೊತ್ತು ಹೋಗದಾಗ

ನಾನು ಸಾಮಾನ್ಯವಾಗಿ ಕ್ಯಾಮೆರಾದ ಹಿಂದೆ ನಿಂತು ಬೇರೆಯವರಿಂದ ಮಾತಾಡಿಸುವವನು. ನಾನೇ ಮಾತಾಡಬೇಕಾಗಿ ಬಂದದ್ದು ನಮ್ಮ ಮನೆಯ ಬೆಕ್ಕಿನ ದೆಸೆಯಿಂದ.

ಅದರ ಹೆಸರು ಕೆಂಚ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಹುಟ್ಟಿದವನು. ಕೊಟ್ಟಿಗೆ, ಸೌದೆ ರಾಶಿ, ಅಡಿಕೆ ತೋಟದ ಅಂಚು, ಎಲ್ಲವೂ ಅವನ ರಾಜ್ಯ. ಅಮ್ಮನಿಗೆ ಒಬ್ಬರೇ ಇರುವುದು ಕಷ್ಟವಾಗಿ ಬೆಂಗಳೂರಿನ ನನ್ನ ಎರಡನೇ ಮಹಡಿಯ ಮನೆಗೆ ಬಂದಾಗ, ಬೆತ್ತದ ಬುಟ್ಟಿಯಲ್ಲಿ ಕೆಂಚನೂ ಬಂದ. ನಾಲ್ಕೇ ತಿಂಗಳಲ್ಲಿ ಗುಂಡಗಾದ. ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಬಂದವರೆಲ್ಲ “ಎಷ್ಟು ಸಾಧು ಬೆಕ್ಕು!” ಎಂದರೆ ನನಗೆ ಹೆಮ್ಮೆ. ಬೆಳಗಿನ ಜಾವ ನಾಲ್ಕಕ್ಕೆ ನನ್ನ ಕಾಲಿನ ಮೇಲೆ ಎರಗುತ್ತಿದ್ದ ಒಂದೇ ಕೆಟ್ಟ ಚಾಳಿಗೆ, ಕೋಣೆಯಿಂದ ಹೊರಹಾಕಿ ಬಾಗಿಲು ಮುಚ್ಚುತ್ತಿದ್ದೆ. ಒಂದು ಭಾನುವಾರ ಅಮ್ಮ ಅವನನ್ನು ಮಗುಚಿ ಹಾಕಿ ಹೊಟ್ಟೆ ತೋರಿಸಿದರು. ಅಂಗೈಯಗಲ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದ್ದ.

ಪಶುವೈದ್ಯರು ಮೊದಲು ಚಿಗಟ ಹುಡುಕಿದರು, ಶಿಲೀಂಧ್ರದ ಸೋಂಕು ನೋಡಿದರು, ಆಹಾರದ ಒಗ್ಗದಿಕೆಯ ಬಗ್ಗೆ ಕೇಳಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಈ ಕ್ರಮವನ್ನು ನೀವೂ ಮರೆಯಬೇಡಿ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಮಂಕಾಗಿರುವುದು, ಅತಿಯಾಗಿ ನೆಕ್ಕುವುದು ಕಾಯಿಲೆಯ ಗುರುತೂ ಆಗಿರಬಹುದು. ಅದರಲ್ಲೂ ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ಒಂದು ಹನಿಯೂ ಬರದಿದ್ದರೆ, ಬೇಸರವಿರಬಹುದೆಂದು ನಾಳೆಯವರೆಗೆ ಕಾಯಬಾರದು. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ.

ಕೆಂಚನಲ್ಲಿ ಯಾವ ರೋಗವೂ ಸಿಗಲಿಲ್ಲ. ಆಗ ವೈದ್ಯರು, “ಇದು ದಿನವಿಡೀ ಏನು ಮಾಡುತ್ತದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಮ್ಮ ಹೇಳಿದರು: “ಮಾಡೋಕೆ ಏನಿದೆ ಡಾಕ್ಟ್ರೇ? ನನ್ನ ಹಾಗೇ ಕಿಟಕೀಲಿ ಕೂತಿರ್ತಾನೆ.”

ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು ನಾನು. ಮಾಂಸಾಹಾರಿಗಳ ದಂತಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ. ಆ ಹಲ್ಲು ಯಾವ ಕೆಲಸಕ್ಕೆ ಇದೆ ಎಂಬುದು ಮಾತ್ರ ಸ್ವಂತ ಮನೆಯಲ್ಲಿ ಹೊಳೆಯಲಿಲ್ಲ.

ಸಾಕುಬೆಕ್ಕು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ದೊರೆತಿದೆ. ಇಷ್ಟು ಹಳೆಯ ಸಹವಾಸವಾದರೂ ಅದರ ಮೈಕಟ್ಟು ಹೆಚ್ಚು ಬದಲಾಗಿಲ್ಲ. ನಮ್ಮ ಕಿವಿಗೆ 20,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಕೇಳದು. ಬೆಕ್ಕಿಗೆ ಅದರ ಮೂರು ಪಟ್ಟಿಗೂ ಮೇಲಿನ ಇಲಿಮರಿಯ ಕೀಚಲೂ ಕೇಳುತ್ತದೆ. ಬಯಲಿನ ಬೆಕ್ಕು ದಿನಕ್ಕೆ ಹಲವು ಸಲ ಒಂದೊಂದು ತುತ್ತು ತಿನ್ನುತ್ತದೆ. ಒಂದೊಂದು ತುತ್ತಿಗೂ ಹುಡುಕಬೇಕು, ಹೊಂಚಬೇಕು, ಜಿಗಿಯಬೇಕು; ಎಷ್ಟೋ ಸಲ ತಪ್ಪಿಯೂ ಹೋಗುತ್ತದೆ. ದಿನ ತುಂಬುವುದೇ ಹೀಗೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂದು ಗಾದೆ ಮಾಡಿದವರು ಇಲಿಯ ಪಕ್ಷ ವಹಿಸಿದ್ದಾರೆ. ಬೆಕ್ಕಿಗೂ ಅದು ಬರೀ ಚೆಲ್ಲಾಟವಲ್ಲ. ನಾವು ಬಟ್ಟಲು ತುಂಬಿಟ್ಟರೆ ಊಟ ಐದು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತು?

ಬೇಸರವನ್ನು ಗುರುತಿಸುವಾಗ ನಿದ್ದೆಯನ್ನೇ ನಂಬಬೇಡಿ. ದಿನಕ್ಕೆ 12ರಿಂದ 16 ಗಂಟೆ ಮಲಗುವುದು ಬೆಕ್ಕಿನ ಸಹಜ ಗುಣ. ಎಚ್ಚರವಿರುವಾಗ ಏನು ಮಾಡುತ್ತದೆ ನೋಡಿ. ಹಸಿವಿಲ್ಲದೆ ಬಟ್ಟಲಿನ ಮುಂದೆ ಕೂಗುವುದು, ನಡೆಯುವವರ ಕಾಲಿಗೆ ಅಡಗಿ ಎರಗುವುದು, ಮನೆಯ ಇನ್ನೊಂದು ಬೆಕ್ಕನ್ನು ಕಾಡುವುದು, ಮುಂಚೆ ಆಡುತ್ತಿದ್ದುದಕ್ಕೆ ಈಗ ತಲೆಯನ್ನೂ ಎತ್ತದಿರುವುದು, ಒಂದೇ ಕಡೆ ನೆಕ್ಕುತ್ತಿರುವುದು. ನನ್ನ ಕೆಂಚನ ನಾಲ್ಕು ಗಂಟೆಯ ದಾಳಿ ಚಾಳಿಯಾಗಿರಲಿಲ್ಲ. ಬೆಳಗಿನ ಜಾವ, ಮುಸ್ಸಂಜೆ ಬೆಕ್ಕಿನ ಬೇಟೆಯ ಹೊತ್ತು. ಆ ಮನೆಯಲ್ಲಿ ಅಲುಗಾಡುತ್ತಿದ್ದ ಏಕೈಕ ಬೇಟೆ ನನ್ನ ಹೆಬ್ಬೆರಳು.

ಹಾಗಾದರೆ ಬೇಟೆಯನ್ನೇ ಮನೆಗೆ ತರಬೇಕು. ಒಂದು ಕೋಲಿನ ತುದಿಗೆ ದಾರದಲ್ಲಿ ಗರಿಯನ್ನೋ ಬಟ್ಟೆಚೂರನ್ನೋ ಕಟ್ಟಿ. ಅದನ್ನು ಬೆಕ್ಕಿನ ಮುಖಕ್ಕೆ ತಂದು ಅಲ್ಲಾಡಿಸಿದರೆ ಉಪಯೋಗವಿಲ್ಲ. ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಓಡಿಬರುವುದಿಲ್ಲ. ದೂರ ಎಳೆಯಿರಿ, ಬಾಗಿಲಿನ ಹಿಂದೆ ಮರೆಮಾಡಿ, ನಿಲ್ಲಿಸಿ, ತುಸುವೇ ಕದಲಿಸಿ. ಹಲವು ಸಲ ತಪ್ಪಿಸಿ ಕೊನೆಗೆ ಹಿಡಿಯಲು ಬಿಡಿ. ಒಡನೆಯೇ ಊಟ ಕೊಡಿ. ಬೆಳಿಗ್ಗೆ ಸಂಜೆ ಐದರಿಂದ ಹತ್ತು ನಿಮಿಷ ಸಾಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರು ದಿನಕ್ಕೆ ಅಷ್ಟು ಹೊತ್ತು ಆಡಿಸಿದ ಬೆಕ್ಕುಗಳು ಹೊರಗಿನಿಂದ ಬೇಟೆಯಾಡಿ ತರುವ ಪ್ರಾಣಿಗಳ ಸಂಖ್ಯೆ ಶೇಕಡಾ 25ರಷ್ಟು ಇಳಿದಿತ್ತು. ಬೇಟೆಯ ಹಂಬಲವನ್ನು ಆಟ ಸ್ವಲ್ಪಮಟ್ಟಿಗಾದರೂ ತಣಿಸುತ್ತದೆ ಎನ್ನಲು ಇದು ಒಳ್ಳೆಯ ಆಧಾರ.

ಒಂದು ಎಚ್ಚರಿಕೆ. ಆಟ ಮುಗಿದೊಡನೆ ಕೋಲು, ದಾರ ಎರಡನ್ನೂ ಕಪಾಟಿನೊಳಗೆ ಹಾಕಿ. ನುಂಗಿದ ದಾರ ಕರುಳನ್ನು ಸುರುಟಿ ಕೊಯ್ಯಬಲ್ಲದು, ಶಸ್ತ್ರಚಿಕಿತ್ಸೆಯೇ ಬೇಕಾದೀತು. ಲೇಸರ್ ದೀಪದ ಕೆಂಪು ಚುಕ್ಕಿಯನ್ನು ಓಡಿಸಿ ಆಡಿಸುವವರಿದ್ದಾರೆ. ಅದನ್ನು ಎಂದೂ ಹಿಡಿಯಲಾಗದು, ಬೆಕ್ಕು ಕೆರಳುತ್ತದೆ. ಟೀವಿ ಹಚ್ಚಿಟ್ಟು ಹೋಗಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಹೊಟ್ಟೆಪಾಡೇ ಅದು, ಆದರೂ ಹೇಳುತ್ತೇನೆ: ವಾಸನೆಯಿಲ್ಲದ, ಪಂಜಕ್ಕೆ ಸಿಗದ ಹಕ್ಕಿಯನ್ನು ಕೆಂಚ ಎರಡು ದಿನ ನೋಡಿದ, ಮೂರನೆಯ ದಿನ ಬೆನ್ನು ತಿರುಗಿಸಿದ.

ಉಳಿದದ್ದಕ್ಕೆ ದುಡ್ಡು ಬೇಡ. ರಟ್ಟಿನ ಪೆಟ್ಟಿಗೆ, ಕೆರೆಯಲು ಗೋಣಿ ಸುತ್ತಿದ ಮರದ ತುಂಡು, ಹತ್ತಿ ಕೂರಲು ಒಂದು ಎತ್ತರದ ಹಲಗೆ, ಭದ್ರವಾಗಿ ಜಾಲರಿ ಹಾಕಿದ ಕಿಟಕಿ. ಜೊತೆಗಿರಲಿ ಎಂದು ಇನ್ನೊಂದು ಬೆಕ್ಕು ತರಲು ಅವಸರ ಬೇಡ; ತನ್ನ ಎಲ್ಲೆಯನ್ನು ಕಾಯುವ ಪ್ರಾಣಿಗೆ ಹೊಸಬ ಬಂದರೆ ಬೇಸರದ ಜಾಗದಲ್ಲಿ ಭಯ ಬರುವುದೂ ಉಂಟು. ಊಟದ ಒಂದು ಪಾಲನ್ನು ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಬಚ್ಚಿಟ್ಟು ಹುಡುಕಿಸಬಹುದು. ಎಲ್ಲ ಬೆಕ್ಕೂ ಇದಕ್ಕೆ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 17 ಬೆಕ್ಕುಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಒಗಟಿನ ತಟ್ಟೆ ಬಿಟ್ಟು ಸುಮ್ಮನೆ ಇಟ್ಟ ಊಟವನ್ನೇ ಆರಿಸಿದವು. ಆದ್ದರಿಂದ ಹಸಿವಿನಲ್ಲಿಟ್ಟು ದುಡಿಸಬೇಡಿ.

ನಮ್ಮ ಮನೆಯಲ್ಲಿ ಈ ಇಲಾಖೆ ಅಮ್ಮನದು. ಮಧ್ಯಾಹ್ನ ಕುಳಿತು ಇಂದು ಎಲ್ಲೆಲ್ಲಿ ಬಚ್ಚಿಡುವುದೆಂದು ಯೋಚಿಸುತ್ತಾರೆ. ಸಂಜೆ ಆರಕ್ಕೆ ಕೋಲು ಹಿಡಿದು ಹಜಾರದಲ್ಲಿ ಓಡಾಡುತ್ತಾರೆ. ಕೆಂಚನ ಹೊಟ್ಟೆಯ ಮೇಲೆ ಕೂದಲು ಪೂರ್ತಿ ಬರಲು ಮೂರು ತಿಂಗಳು ಹಿಡಿಯಿತು. ಮೊನ್ನೆ ಧ್ವನಿಮುದ್ರಣದ ನಡುವೆ ಅಮ್ಮನ ಫೋನ್ ಬಂತು. ಗಾಬರಿಯಿಂದ ಹೊರಗೆ ಬಂದು ಎತ್ತಿಕೊಂಡೆ.

“ಬರ್ತಾ ಎರಡು ಮೊಟ್ಟೆ ಟ್ರೇ ತಾರೋ. ಇದ್ದದ್ದನ್ನ ಹರಿದು ಚಿಂದಿ ಮಾಡಿದಾನೆ.”